ಬೈಪ್ಯಾಪ್ ಮನೆಗೆ ಬಂದ ಮೇಲೆ

ಬೈಪ್ಯಾಪ್ ಅಂದರೆ ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಮೆಷಿನ್. ಅದನ್ನು ಮನೆಗಳಲ್ಲಿ ಕೂರಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಕೇಳುವುದು ಪ್ರೆಷರ್ ಬಗ್ಗೆ. ‘ಐಪ್ಯಾಪ್ ಎಷ್ಟಿಡೋದು ಸರ್? ಇಪ್ಯಾಪ್ ಎಷ್ಟು? ರೇಟ್ ಎಷ್ಟು?’ ಉಸಿರು ಎಳೆಯುವಾಗಿನ ಒತ್ತಡ ಐಪ್ಯಾಪ್, ಬಿಡುವಾಗಿನದು ಇಪ್ಯಾಪ್, ನಿಮಿಷಕ್ಕೆ ಎಷ್ಟು ಉಸಿರು ಅನ್ನುವುದು ರೇಟ್. ಅದೆಲ್ಲ ಡಾಕ್ಟರ ಚೀಟಿಯಲ್ಲಿ ಇರುತ್ತದೆ, ಚೀಟಿಯಲ್ಲಿ ಇಲ್ಲದ್ದನ್ನು ನೋಡಿಕೊಂಡು ಬನ್ನಿ ಅಂತ ನಾನು ಹೇಳುತ್ತೇನೆ. ಮಂಚದ ಹತ್ತಿರ ಪ್ಲಗ್ ಪಾಯಿಂಟ್ ಇದೆಯಾ? ಅರ್ಥಿಂಗ್ ಸರಿ ಇದೆಯಾ? ರಾತ್ರಿ ಪಕ್ಕದಲ್ಲಿ ಮಲಗುವವರು ಯಾರು, ಅವರಿಗೆ ಕಿವಿ ಚೆನ್ನಾಗಿ ಕೇಳುತ್ತದಾ? ಮಳೆಗಾಲದಲ್ಲಿ ಆ ಮನೆಗೆ ಕರೆಂಟ್ ಎಷ್ಟು ಹೊತ್ತು ಇರುವುದಿಲ್ಲ?

ಐಸಿಯುನಲ್ಲಿ ಇರುವವರೆಗೆ ಇವು ತಲೆಗೆ ಬರುವುದೇ ಇಲ್ಲ. ಅಲ್ಲಿ ಗೋಡೆಯಿಂದ ಆಕ್ಸಿಜನ್ ಬರುತ್ತದೆ. ಕರೆಂಟ್ ಹೋದರೆ ಜನರೇಟರ್ ತಾನೇ ಶುರುವಾಗುತ್ತದೆ. ಅಲಾರಂ ಹೊಡೆದರೆ ಸಿಸ್ಟರ್ ಓಡಿ ಬರುತ್ತಾರೆ. ನಾನೂ ಅಲ್ಲಿಂದಲೇ ಬಂದ ರೆಸ್ಪಿರೇಟರಿ ಥೆರಪಿಸ್ಟ್. ಈಗ ಶಿವಮೊಗ್ಗದಲ್ಲಿದ್ದುಕೊಂಡು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಿಗೆ ಹೋಗಿ ಬೈಪ್ಯಾಪ್, ವೆಂಟಿಲೇಟರ್ ಕೂರಿಸುತ್ತೇನೆ. ಮನೆಯವರಿಗೆ ಹೇಳಿಕೊಡುತ್ತೇನೆ, ಆಮೇಲೆ ಆಗಾಗ ಹೋಗಿ ನೋಡಿ ಬರುತ್ತೇನೆ. ಅದೇ ಮೆಷಿನ್, ಅದೇ ಸೆಟ್ಟಿಂಗ್, ಒಂದು ಮನೆಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಇನ್ನೊಂದು ಮನೆಯಲ್ಲಿ ವಾರದೊಳಗೆ ಬೀರುವಿನ ಮೇಲೆ ಹತ್ತಿ ಕೂರುತ್ತದೆ. ಹೆಣ್ಣು ಕೊಡುವ ಮೊದಲು ಮನೆ ನೋಡುತ್ತಾರಲ್ಲ, ಮೆಷಿನ್ ಕೊಡುವ ಮೊದಲೂ ನೋಡಬೇಕು.

ಇಂಥ ಮೆಷಿನ್ ಬೇಕಾಗುವವರು ಯಾರು? ನಮ್ಮ ಕಡೆ ಜಾಸ್ತಿ ಇರುವುದು ಸಿಓಪಿಡಿಯವರು, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟಕ್ಕೆ ಖಾಯಂ ತೊಂದರೆ ಇರುವವರು. ಬೀಡಿ ಸೇದಿದ ಗಂಡಸರು ಸರಿ, ಆದರೆ ಒಂದು ಬೀಡಿಯನ್ನೂ ಮುಟ್ಟದ ಹೆಂಗಸರೂ ಅಷ್ಟೇ ಸಿಗುತ್ತಾರೆ. ಅಡುಗೆಗೆ ಗ್ಯಾಸ್ ಬಂದಿದೆ. ಬಚ್ಚಲ ಹಂಡೆಗೆ ಇವತ್ತಿಗೂ ಸೌದೆಯೇ. ಅಡಿಕೆ ಸುಗ್ಗಿಯಲ್ಲಿ ಬೇಯಿಸುವ ಒಲೆಯ ಹೊಗೆ ಬೇರೆ. ಕೇಸ್ ಶೀಟಿನಲ್ಲಿ ‘ಹೊಗೆಸೊಪ್ಪಿನ ಅಭ್ಯಾಸ ಇಲ್ಲ’ ಅಂತ ಬರೆದು ಮುಂದೆ ಹೋಗುತ್ತಾರೆ, ಬಚ್ಚಲ ಒಲೆಯ ಬಗ್ಗೆ ಕೇಳುವವರು ಕಡಿಮೆ. ಇವರಲ್ಲದೆ ಹಳೇ ಟಿಬಿಯಿಂದ ಶ್ವಾಸಕೋಶ ಅರ್ಧ ಹಾಳಾದವರು, ಬೆನ್ನುಮೂಳೆ ಬಾಗಿ ಎದೆಗೂಡು ಇಕ್ಕಟ್ಟಾದವರು, ಮೈ ತೂಕ ವಿಪರೀತ ಜಾಸ್ತಿಯಾಗಿ ಉಸಿರು ಸಾಲದವರು ಇರುತ್ತಾರೆ. ಮಸ್ಕ್ಯುಲರ್ ಡಿಸ್ಟ್ರೊಫಿ ಇರುವ ಹುಡುಗರು, ಮೋಟಾರ್ ನ್ಯೂರಾನ್ ಕಾಯಿಲೆಯವರದು ಇನ್ನೊಂದು ಗುಂಪು. ಅವರಲ್ಲಿ ಶ್ವಾಸಕೋಶ ಚೆನ್ನಾಗಿಯೇ ಇರುತ್ತದೆ, ಅದನ್ನು ಹಿಗ್ಗಿಸುವ ಮಾಂಸಖಂಡಕ್ಕೆ ಶಕ್ತಿ ಇರುವುದಿಲ್ಲ.

ಕಾಯಿಲೆ ಬೇರೆ ಬೇರೆ, ತೊಂದರೆ ಶುರುವಾಗುವ ಹೊತ್ತು ಮಾತ್ರ ಒಂದೇ. ರಾತ್ರಿ. ನಿದ್ದೆಯಲ್ಲಿ ಎಲ್ಲರ ಉಸಿರೂ ಸ್ವಲ್ಪ ಮೇಲುಮೇಲಿನದಾಗುತ್ತದೆ. ಕನಸು ಬೀಳುವ ನಿದ್ದೆಯಲ್ಲಂತೂ ಹೆಚ್ಚುಕಡಿಮೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಮಾಂಸಖಂಡ) ಒಂದೇ ಕೆಲಸ ಮಾಡುವುದು, ಕುತ್ತಿಗೆ ಮತ್ತು ಪಕ್ಕೆಯ ಮಾಂಸಖಂಡಗಳು ಸಡಿಲ ಬಿಡುತ್ತವೆ. ನಮಗೆ ಅದು ಗೊತ್ತೂ ಆಗುವುದಿಲ್ಲ. ಇವರಿಗೆ ಒಳಗೆ ಕಾರ್ಬನ್ ಡೈಆಕ್ಸೈಡ್ ಕೂಡಿಕೊಳ್ಳುತ್ತಾ ಹೋಗುತ್ತದೆ. ಬೆಳಿಗ್ಗೆ ಏಳುವಾಗಲೇ ತಲೆನೋವು, ಹಗಲೆಲ್ಲ ತೂಕಡಿಕೆ, ಕಾಲು ಬಾವು, ಮಾತುಮಾತಿಗೆ ಸಿಡುಕು. ಮನೆಯವರು ‘ವಯಸ್ಸಾಯ್ತು, ಅದಕ್ಕೇ’ ಅಂದುಕೊಂಡಿರುತ್ತಾರೆ. ರಾತ್ರಿ ಮೆಷಿನ್ ಉಸಿರಿನ ಹೊರೆ ಹೊತ್ತರೆ ಹಗಲೂ ಚೆನ್ನಾಗಿರುತ್ತದೆ. ಹಗಲು ಹಾಕಿಕೊಳ್ಳದೇ ಇದ್ದರೂ ಸರಿ.

ಇನ್ನು ಆಕ್ಸಿಜನ್ ವಿಷಯ. ನಾನು ಜಾಸ್ತಿ ಹೊತ್ತು ಕೂತು ಮಾತಾಡುವುದು ಇದರ ಬಗ್ಗೆಯೇ. ಕೋವಿಡ್ ಬಂದು ಹೋದ ಮೇಲೆ ಮನೆಮನೆಯಲ್ಲೂ ಆಕ್ಸಿಮೀಟರ್ ಇದೆ. ಬೆರಳಿಗೆ ಸಿಕ್ಕಿಸುತ್ತಾರೆ, 89 ಅಂತ ತೋರಿಸುತ್ತದೆ. ಮಗನಿಗೆ ಗಾಬರಿ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮೆಷಿನ್, ಅಂದರೆ ಕಾನ್ಸಂಟ್ರೇಟರಿನ ಗುಂಡಿಯನ್ನು ಒಂದರಿಂದ ನಾಲ್ಕಕ್ಕೆ ತಿರುಗಿಸುತ್ತಾನೆ. 97 ಬರುತ್ತದೆ. ಎಲ್ಲರಿಗೂ ಸಮಾಧಾನ. ಅಜ್ಜ ಗಡದ್ದಾಗಿ ನಿದ್ದೆ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಬೆಳಿಗ್ಗೆ ಎಷ್ಟು ಅಲುಗಾಡಿಸಿದರೂ ಅಜ್ಜ ಏಳುವುದಿಲ್ಲ.

ಕಾರ್ಬನ್ ಡೈಆಕ್ಸೈಡ್ ಕೂಡಿಕೊಳ್ಳುವ ಸಿಓಪಿಡಿಯವರಿಗೆ ಸ್ಯಾಚುರೇಶನ್ (ಆಕ್ಸಿಮೀಟರ್ ತೋರಿಸುವ ಆ ಸಂಖ್ಯೆ) 88ರಿಂದ 92ರೊಳಗೆ ಇದ್ದರೆ ಸಾಕು. ಅದಕ್ಕಿಂತ ಮೇಲೆ ಏರಿಸಿದಷ್ಟೂ ಅವರಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವ ಭಯ ಇದೆ. ಆಕ್ಸಿಮೀಟರ್ ಅದನ್ನು ತೋರಿಸುವುದಿಲ್ಲ. ಕೈಯ ಅಪಧಮನಿಯಿಂದ ರಕ್ತ ತೆಗೆದು ಎಬಿಜಿ ಅನ್ನುವ ಪರೀಕ್ಷೆ ಮಾಡಿದರೇ ಗೊತ್ತಾಗುವುದು. ಮನೆಯವರಿಗೆ ನಾನು ಹೇಳುವುದು ಹೀಗೆ: ಅಡುಗೆಮನೆಯಲ್ಲಿ ಹೊಗೆ ತುಂಬಿದೆ ಅಂದುಕೊಳ್ಳಿ. ಬಾಗಿಲಲ್ಲಿ ನಿಂತು ಒಳಗೆ ಒಳ್ಳೇ ಗಾಳಿ ಊದಿದರೆ ಹೊಗೆ ಹೋಗುತ್ತಾ? ಬೆಳಕಿಂಡಿ ತೆಗೆಯಬೇಕು, ಹೊಗೆ ಹೊರಗೆ ಹೋಗಬೇಕು. ಆಕ್ಸಿಜನ್ ಮೆಷಿನ್ ಊದುತ್ತದೆ ಅಷ್ಟೇ, ಹೊಗೆ ಹೊರಗೆ ಹಾಕುವುದು ಬೈಪ್ಯಾಪ್. ಇದು ಪಾಠದ ಪುಸ್ತಕದ ವಿವರಣೆ ಅಲ್ಲ, ತಜ್ಞರು ತಪ್ಪು ಹುಡುಕಬಹುದು. ಆದರೆ ಹೊಗೆ ಕುಡಿದು ಅಡುಗೆ ಮಾಡಿದವರಿಗೆ ಥಟ್ಟನೆ ಹತ್ತುತ್ತದೆ. ಆಮೇಲೆ ಕಾನ್ಸಂಟ್ರೇಟರಿನ ಗುಂಡಿ ಎಲ್ಲಿ ನಿಲ್ಲಬೇಕೋ ಅಲ್ಲಿ ಕೆಂಪು ಟೇಪ್ ಅಂಟಿಸಿ ಬರುತ್ತೇನೆ. ‘ಇದನ್ನ ದಾಟಿಸ್ಬೇಕು ಅನ್ನಿಸಿದ್ರೆ ಮೊದಲು ಫೋನ್ ಮಾಡಿ.’ ಎಷ್ಟು ಹೊತ್ತಿಗಾದರೂ ಮಾಡಿ ಅಂತಲೂ ಹೇಳಿರುತ್ತೇನೆ. ಮಾಡುತ್ತಾರೆ ಕೂಡ.

ಪ್ರೆಷರ್ ಮುಖ್ಯ ಅಲ್ಲ ಅಂತ ನಾನು ಹೇಳುತ್ತಿಲ್ಲ. ತುಂಬಾ ಮುಖ್ಯ. 2014ರಲ್ಲಿ ಜರ್ಮನಿ, ಆಸ್ಟ್ರಿಯಾದ ಆಸ್ಪತ್ರೆಗಳು ಸೇರಿ ಒಂದು ಅಧ್ಯಯನ ಪ್ರಕಟಿಸಿದವು. ಸ್ಥಿರವಾಗಿದ್ದರೂ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ್ದ ಸಿಓಪಿಡಿಯವರನ್ನು ತೆಗೆದುಕೊಂಡು, ಅದು ನಿಜವಾಗಿ ಇಳಿಯುವಷ್ಟು ಒತ್ತಡ ಕೊಟ್ಟು ಮನೆಯಲ್ಲಿ ಮೆಷಿನ್ ಹಾಕಿಸಿದರು. ಒಂದು ವರ್ಷದಲ್ಲಿ ತೀರಿಕೊಂಡವರು ಮೆಷಿನ್ ಗುಂಪಿನಲ್ಲಿ 12 ಶೇಕಡಾ, ಮೆಷಿನ್ ಇಲ್ಲದ ಗುಂಪಿನಲ್ಲಿ 33 ಶೇಕಡಾ. ನಮ್ಮಲ್ಲಿ ಏನಾಗುತ್ತದೆ ಅಂದರೆ, ಮೊದಲ ದಿನ ರೋಗಿಗೆ ಹಿತವಾಗಲಿ ಅಂತ ಐಪ್ಯಾಪ್ 12, ಇಪ್ಯಾಪ್ 5, ಅಂದರೆ 12/5ಕ್ಕೆ ಇಡುತ್ತಾರೆ. ಅದು ಸರಿಯೇ. ಆಮೇಲೆ ಯಾರೂ ಏರಿಸುವುದಿಲ್ಲ. ವರ್ಷ ಕಳೆದರೂ 12/5. ಅಷ್ಟು ಕಡಿಮೆ ಒತ್ತಡದಲ್ಲಿ ಅಂಥವರ ಕಾರ್ಬನ್ ಡೈಆಕ್ಸೈಡ್ ಅಲುಗಾಡುವುದೇ ಕಷ್ಟ. 20 ದಾಟಬೇಕಾದವರು ಬಹಳ ಜನ ಇದ್ದಾರೆ. ಆದರೆ 20ರ ಒತ್ತಡವನ್ನು ಮುಖ ತಡೆದುಕೊಳ್ಳಬೇಕಾದರೆ ಮಾಸ್ಕ್ ಸರಿ ಕೂತಿರಬೇಕು, ರಾತ್ರಿ ಅದನ್ನು ಸರಿಮಾಡುವ ಒಬ್ಬರು ಇರಬೇಕು, ಅಲ್ವಾ? ಸುತ್ತಿ ಬಳಸಿ ಮನೆಗೇ ಬಂದೆವು.

ಇನ್ನೊಂದು ಅಧ್ಯಯನ 2017ರದು, ಬ್ರಿಟನ್ನಿನದು. ಉಸಿರಿನ ತೊಂದರೆ ಜೋರಾಗಿ ಆಸ್ಪತ್ರೆ ಸೇರಿ ಗುಣವಾದವರಲ್ಲಿ, ಎರಡರಿಂದ ನಾಲ್ಕು ವಾರದ ಮೇಲೂ ಎಬಿಜಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಒತ್ತಡ 53 ಎಂಎಂ ಪಾದರಸದ ಮೇಲೇ ಇದ್ದವರಿಗೆ ಮನೆಯಲ್ಲಿ ಆಕ್ಸಿಜನ್ ಜೊತೆ ಮೆಷಿನ್ ಕೊಟ್ಟರು. ಮತ್ತೆ ಆಸ್ಪತ್ರೆ ಸೇರುವುದು ಇಲ್ಲವೇ ತೀರಿಕೊಳ್ಳುವುದು, ಇದಕ್ಕೆ ಹಿಡಿದ ಸಮಯ ಬರೀ ಆಕ್ಸಿಜನ್ ಗುಂಪಿನಲ್ಲಿ ನಡುವಿನ ಲೆಕ್ಕದಲ್ಲಿ 1.4 ತಿಂಗಳು, ಮೆಷಿನ್ ಗುಂಪಿನಲ್ಲಿ 4.3 ತಿಂಗಳು. ಇದರಲ್ಲಿ ನನಗೆ ಕೆಲಸಕ್ಕೆ ಬಂದದ್ದು ‘ಎರಡರಿಂದ ನಾಲ್ಕು ವಾರ’ ಅನ್ನುವ ಮಾತು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದ್ದವರಲ್ಲಿ ಕೆಲವರಿಗೆ ಕೆಲವು ವಾರದಲ್ಲಿ ಅದು ತಾನಾಗಿ ಇಳಿಯುತ್ತದೆ. ಅವರಿಗೆ ಖಾಯಂ ಮೆಷಿನ್ ಬೇಡ. ಹಾಗಾಗಿ ಬಿಡುಗಡೆ ದಿನವೇ ಸಾಲ ಮಾಡಿ ಮೆಷಿನ್ ಕೊಳ್ಳಬೇಡಿ, ಒಂದು ತಿಂಗಳು ಬಾಡಿಗೆಗೆ ತಗೊಳ್ಳಿ, ಮತ್ತೆ ಎಬಿಜಿ ಮಾಡಿಸಿ ಡಾಕ್ಟರನ್ನು ಕೇಳಿ ಅನ್ನುತ್ತೇನೆ. ಮೆಷಿನ್ ಮಾರುವವರಿಗೆ ನನ್ನ ಈ ಮಾತು ಅಷ್ಟಾಗಿ ಹಿಡಿಸುವುದಿಲ್ಲ.

ಮಾಸ್ಕಿಗೆ ಬರೋಣ. ಮಾಸ್ಕಿನಲ್ಲಿ ಅಥವಾ ಪೈಪಿನ ತುದಿಯಲ್ಲಿ ಸಣ್ಣ ಸಣ್ಣ ತೂತುಗಳು ಇರುತ್ತವೆ. ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದೊಂದೇ. ಮನೆಯವರ ಕಣ್ಣಿಗೆ ಅದು ಲೀಕ್. ‘ಸಾ, ಇಲ್ಲಿ ಗಾಳಿ ಸೋರ್ತಾ ಇತ್ತು, ಪ್ಲಾಸ್ಟರ್ ಹಾಕಿದೀವಿ’ ಅಂತ ಖುಷಿಯಿಂದ ತೋರಿಸುತ್ತಾರೆ. ಎದೆ ಧಸಕ್ ಅನ್ನುತ್ತದೆ. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿರುತ್ತಾರೆ. ಇನ್ನೊಂದು ಪೇಚು ಆನ್‌ಲೈನಿನಲ್ಲಿ ಮಾಸ್ಕ್ ತರಿಸುವುದು. ತೂತಿಲ್ಲದ ಮಾಸ್ಕ್ ಸ್ವಲ್ಪ ಕಡಿಮೆಗೆ ಸಿಕ್ಕಿತು ಅಂತ ತರಿಸಿರುತ್ತಾರೆ. ಅದು ಆಸ್ಪತ್ರೆಯ ಎರಡು ಪೈಪಿನ ವೆಂಟಿಲೇಟರಿಗೆ ಮಾಡಿದ್ದು. ಮನೆಯ ಒಂದೇ ಪೈಪಿಗೆ ಅದನ್ನು ಸಿಕ್ಕಿಸಿದರೆ, ಪೈಪಿನಲ್ಲೂ ತೂತಿಲ್ಲದಿದ್ದರೆ, ಉಸಿರು ಹೊರಗೆ ಹೋಗುವುದೆಲ್ಲಿ? ನಾನು ಮೊದಲ ಭೇಟಿಯಲ್ಲೇ ಅವರ ಬೆರಳನ್ನು ಆ ತೂತಿನ ಮೇಲೆ ಇಡಿಸಿ, ಹೊರಬರುವ ಗಾಳಿ ತೋರಿಸಿ, ‘ಇದು ಇರಲೇಬೇಕು’ ಅಂತ ಹೇಳಿಸಿಕೊಂಡು ಬರುತ್ತೇನೆ.

ನಿಜವಾದ ಲೀಕ್ ಬೇರೆ ಕಡೆ ಇರುತ್ತದೆ. ರಾತ್ರಿ ಹಲ್ಲಿನ ಸೆಟ್ ತೆಗೆದಿಟ್ಟರೆ ಕೆನ್ನೆ ಒಳಗೆ ಹೋಗುತ್ತದೆ, ಮಾಸ್ಕ್ ಕೂರುವುದಿಲ್ಲ. ಹಾಗಾಗಿ ಅಳತೆ ನೋಡುವಾಗ ಸೆಟ್ ತೆಗೆಸಿಯೇ ನೋಡಬೇಕು. ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುವವರಿಗೆ ಸಿಲಿಕೋನ್ ಜಾರುತ್ತದೆ. ದಪ್ಪ ಮೀಸೆ. ಮೂಗುಬೊಟ್ಟು. ಮೂಗುಬೊಟ್ಟು ತೆಗೆಯಿರಿ ಅಂತ ವಯಸ್ಸಾದ ಹೆಂಗಸರಿಗೆ ಹೇಳುವುದು ಸುಲಭ ಅಂದುಕೊಂಡಿದ್ದೀರಾ? ಗಂಡ ಬದುಕಿರುವಾಗ ತೆಗೆಯುವುದಿಲ್ಲ ಅನ್ನುತ್ತಾರೆ. ವಾದ ಮಾಡಬೇಡಿ. ಮೂಗಿನ ಹೊಳ್ಳೆ ಮುಟ್ಟದಂತೆ ದೊಡ್ಡ ಸುತ್ತಳತೆಯ, ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕ್ ಸಿಗುತ್ತದೆ, ಅದನ್ನು ಹಾಕಿ ನೋಡಿ. ಲೀಕ್ ಆಗುತ್ತಿದೆ ಅಂತ ಪಟ್ಟಿ ಬಿಗಿಯುವುದು ಕೊನೆಯ ಉಪಾಯ. ಬಿಗಿದಷ್ಟೂ ಮೂಗಿನ ಮೂಳೆಯ ಮೇಲೆ ಹುಣ್ಣಾಗುತ್ತದೆ. ಹುಣ್ಣಾದರೆ ಮೆಷಿನ್ ನಿಲ್ಲುತ್ತದೆ. ಹುಣ್ಣಿಗೆ ವ್ಯಾಸಲೀನ್ ಹಚ್ಚುವುದನ್ನೂ ತಪ್ಪಿಸಬೇಕು, ಆಕ್ಸಿಜನ್ ಇರುವ ಕಡೆ ಅಂಥ ಎಣ್ಣೆ ಪದಾರ್ಥಕ್ಕೆ ಬೆಂಕಿಯ ಭಯ ಇದೆ. ದೇವರ ಮನೆಯ ದೀಪ, ಊದುಬತ್ತಿ, ಬೀಡಿ ಎಲ್ಲಿರುತ್ತವೆ ಅಂತ ಮೊದಲೇ ನೋಡಿಕೊಳ್ಳುವುದು ಅದಕ್ಕೇ.

ಕರೆಂಟ್. ಮಲೆನಾಡಿನಲ್ಲಿ ಈ ಒಂದು ಪದ ಸಾಕು. ಜೂನ್ ಜುಲೈನಲ್ಲಿ ಲೈನಿನ ಮೇಲೆ ಮರ ಬಿದ್ದರೆ ಒಂದು ಹಗಲು ಒಂದು ರಾತ್ರಿ ಕರೆಂಟ್ ಇಲ್ಲದಿರುವುದು ಹೊಸದೇನಲ್ಲ. ಎಲ್ಲರ ಮನೆಯಲ್ಲೂ ಯುಪಿಎಸ್ ಇರುತ್ತದೆ, ‘ಯುಪಿಎಸ್ ಇದೆ ಬಿಡಿ ಸಾ’ ಅನ್ನುತ್ತಾರೆ. ಲೆಕ್ಕ ಹಾಕಿ ತೋರಿಸಬೇಕು. 12 ವೋಲ್ಟಿನ 150 ಎಎಚ್ ಬ್ಯಾಟರಿ ಕಾಗದದ ಮೇಲೆ 1800 ವ್ಯಾಟ್ ಗಂಟೆ. ಹಳತಾದ ಬ್ಯಾಟರಿಯಿಂದ 1000 ಸಿಕ್ಕರೆ ಪುಣ್ಯ. ನಿಮಿಷಕ್ಕೆ 5 ಲೀಟರ್ ಕೊಡುವ ಕಾನ್ಸಂಟ್ರೇಟರ್ 350 ವ್ಯಾಟಿನ ಆಸುಪಾಸು ಎಳೆಯುತ್ತದೆ, ಮೂರು ಗಂಟೆಯಲ್ಲಿ ಬ್ಯಾಟರಿ ಖಾಲಿ. ಬೈಪ್ಯಾಪ್ ಒಂದೇ ಆದರೆ, ಅದರ ನೀರು ಬಿಸಿ ಮಾಡುವ ಭಾಗ ಆರಿಸಿದರೆ, ಹೆಚ್ಚಿನ ಮೆಷಿನ್‌ಗಳು 30ರಿಂದ 60 ವ್ಯಾಟಿನಲ್ಲಿ ನಡೆಯುತ್ತವೆ. ರಾತ್ರಿಪೂರ್ತಿ ಸಾಕು. ಹಾಗಾಗಿ ಕರೆಂಟ್ ಹೋದ ಕೂಡಲೇ ಮಾಡಬೇಕಾದ್ದು: ಕಾನ್ಸಂಟ್ರೇಟರ್ ಆರಿಸಿ ಆಕ್ಸಿಜನ್ನಿಗೆ ಸಿಲಿಂಡರ್ ಜೋಡಿಸಿ, ನೀರು ಬಿಸಿ ಮಾಡುವುದನ್ನು ಆಫ್ ಮಾಡಿ, ಯುಪಿಎಸ್ ಬೈಪ್ಯಾಪಿಗೆ ಬಿಡಿ, ಟಿವಿ ಫ್ರಿಜ್ ಮರೆತುಬಿಡಿ. ಸಣ್ಣ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ, ನಿಮಿಷಕ್ಕೆ ಒಂದು ಲೀಟರ್ ಬಿಟ್ಟರೆ ಒಂದು ಹಗಲು ರಾತ್ರಿ ಬರುತ್ತದೆ. ದೊಡ್ಡ ಡಿ ಟೈಪಿನಲ್ಲಿ 7000. ಯುಪಿಎಸ್ ಸೈನ್ ವೇವ್‌ನದ್ದಾ ಅಂತಲೂ ನೋಡಿ, ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಇಂಥ ಮೆಷಿನ್‌ಗಳಿಗೆ ಒಳ್ಳೇದಲ್ಲ.

ಬಿಲ್ಲಿನ ಕಥೆಯೂ ಇದೆ. ಸಿಓಪಿಡಿಯಲ್ಲಿ ಮನೆ ಆಕ್ಸಿಜನ್ ಬರೆದುಕೊಟ್ಟರೆ ದಿನಕ್ಕೆ ಕನಿಷ್ಠ 15 ಗಂಟೆ ಹಾಕಿಕೊಳ್ಳಬೇಕು. 350 ವ್ಯಾಟಿನ ಮೆಷಿನ್ 15 ಗಂಟೆ ನಡೆದರೆ ತಿಂಗಳಿಗೆ 150 ಯೂನಿಟ್ ದಾಟುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಅಂತ ಜನ ಹೇಳುತ್ತಾರೆ. ಆದರೆ ಉಚಿತ ಸಿಗುವುದು ಆ ಮನೆಯ ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿದಷ್ಟು ಮಾತ್ರ. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ ಮೆಷಿನ್ ಬಂದ ಮೇಲೆ ಸಾವಿರದ ಮೇಲೆ ಬಿಲ್ ಬರುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಗಲು ಸುಮ್ನೆ ಆರಿಸಿಡುತ್ತಾರೆ. ಕೆಲವು ಮನೆಗಳಲ್ಲಿ ಆರಿಸುವವರು ರೋಗಿಯೇ, ‘ನನ್ನಿಂದ ಮಕ್ಕಳಿಗೆ ಖರ್ಚು’ ಅಂತ. ಇದನ್ನು ಕೇಳದೆ ಸ್ಯಾಚುರೇಶನ್ ಯಾಕೆ ಇಳಿಯಿತು ಅಂತ ಹುಡುಕುತ್ತಾ ಕೂತರೆ ಉತ್ತರ ಸಿಗುವುದಿಲ್ಲ.

ಹಾಗಂತ ನೇರವಾಗಿ ಕೇಳಿದರೂ ಸಿಗುವುದಿಲ್ಲ. ‘ದಿನಾ ಹಾಕ್ತೀರಾ?’ ಅಂದರೆ ‘ಹೂಂ ಹಾಕ್ತೀವಿ’ ಅನ್ನುವುದೇ ನಮ್ಮ ಜನರ ಮರ್ಯಾದೆ. ಅದಕ್ಕೆ ಮೆಷಿನ್ನಿನ ಮೆಮೊರಿ ಕಾರ್ಡ್ ಇದೆ. ಯಾವ ರಾತ್ರಿ ಎಷ್ಟು ಗಂಟೆ, ಎಷ್ಟು ಲೀಕ್, ಎಲ್ಲಾ ಅದರಲ್ಲಿ ಇರುತ್ತದೆ. ಪೇಟೆಯಲ್ಲಿ ಮೊಡೆಮ್ ಇರುವ ಮೆಷಿನ್ ಡೇಟಾವನ್ನು ತಾನೇ ಕಳಿಸುತ್ತದೆ, ನಮ್ಮ ಗುಡ್ಡದ ಸಂದಿಯ ಮನೆಗಳಲ್ಲಿ ಫೋನಿಗೇ ನೆಟ್‌ವರ್ಕ್ ಇಲ್ಲ, ಹಾಗಾಗಿ ಕಾರ್ಡ್ ತೆಗೆದುಕೊಂಡು ಬರಬೇಕು. ರಾತ್ರಿಗೆ ನಾಲ್ಕು ಗಂಟೆಗಿಂತ ಕಡಿಮೆ ಇದ್ದರೆ ಪ್ರೆಷರ್ ಮುಟ್ಟುವ ಮೊದಲು ಕಾರಣ ಹುಡುಕುತ್ತೇನೆ. ಕಾರ್ಡ್ ಹಿಡಿದು ‘ಸುಳ್ಳು ಹೇಳ್ತೀರಾ?’ ಅನ್ನಬಾರದು. ‘ಈ ವಾರ ಸ್ವಲ್ಪ ಕಷ್ಟ ಆಯ್ತೇನೋ ಅಮ್ಮ?’ ಅಂದರೆ ಸಾಕು, ಎಲ್ಲಾ ಹೊರಗೆ ಬರುತ್ತದೆ.

ಏನೇನು ಕಾರಣ ಬರುತ್ತವೆ ಗೊತ್ತಾ? ಒಂದು ಮನೆಯಲ್ಲಿ ಅತ್ತೆಯ ಮೆಷಿನ್ ಅಲಾರಂಗೆ ಪಕ್ಕದ ಕೋಣೆಯ ಹಸುಗೂಸು ಏಳುತ್ತಿತ್ತು. ಸೊಸೆ ಏನೂ ಅಂದಿರಲಿಲ್ಲ. ಅತ್ತೆಯೇ ಮಗು ಮಲಗುವವರೆಗೆ ಕಾಯುತ್ತಾ ಕೂತು, ನಡುರಾತ್ರಿ ದಾಟಿದ ಮೇಲೆ ಹಾಕಿಕೊಳ್ಳುತ್ತಿದ್ದರು. ಅಲಾರಂ ಹೊಡೆಯುತ್ತಿದ್ದುದು ಲೀಕಿಗೆ. ಮಾಸ್ಕಿನ ಸೈಜ್ ಬದಲಾಯಿಸಿದ ಮೇಲೆ ಸದ್ದೂ ನಿಂತಿತು, ಗಂಟೆಯೂ ಏರಿತು. ಅಡಿಕೆ ಸುಗ್ಗಿಯಲ್ಲಿ ಸುಮಾರು ಮನೆಗಳಲ್ಲಿ ಗಂಟೆ ಇಳಿಯುತ್ತದೆ. ಮಾಸ್ಕ್ ಹಾಕಿಕೊಡುವವರು ರಾತ್ರಿ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ. ಮನೆಗೆ ನೆಂಟರು ಬಂದರೆ ಕೆಲವರು ಮೆಷಿನ್ನನ್ನೇ ಒಳಗೆ ಬಚ್ಚಿಡುತ್ತಾರೆ. ಮದುವೆ ವಯಸ್ಸಿಗೆ ಬಂದ ಹೆಣ್ಣುಮಗಳು ಇದ್ದರಂತೂ ಮುಗಿಯಿತು, ಮನೆಯಲ್ಲಿ ರೋಗ ಇದೆ ಅಂತ ಗೊತ್ತಾಗಬಾರದು. ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಆದರೆ ಗಂಟೆ ಇಳಿದದ್ದು ಆ ಕಾರಣಕ್ಕೆ ಅಂತ ಗೊತ್ತಿದ್ದರೆ ಸುಮ್ಮನೆ ಪ್ರೆಷರ್ ಏರಿಸುವ ತಪ್ಪಾದರೂ ಆಗುವುದಿಲ್ಲ.

ಮನೆಯವರಿಗೆ ಕಲಿಸುವಾಗ ಬಟನ್‌ಗಳಿಂದ ಶುರು ಮಾಡಬಾರದು. ಕಂಪನಿಯವರ ಡೆಮೋ ಹಾಗೇ ಇರುತ್ತದೆ, ಮೆನು ಒಳಗೆ ಮೆನು. ಮೊದಲು ಕಲಿಸಬೇಕಾದ್ದು ಮೆಷಿನ್ ನಿಂತರೆ ಏನು ಮಾಡಬೇಕು ಅನ್ನುವುದು. ಬಾಯಿ ಮೂಗು ಎರಡೂ ಮುಚ್ಚುವ ಮಾಸ್ಕ್ ಇದ್ದು ಮೆಷಿನ್ ನಿಂತರೆ ತಕ್ಷಣ ಮಾಸ್ಕ್ ತೆಗೆಯಬೇಕು, ಆಮೇಲೆ ಮಿಕ್ಕಿದ್ದು. ಮಾಸ್ಕಿನಲ್ಲಿ ಅದಕ್ಕೇ ಅಂತ ಒಂದು ವಾಲ್ವ್ ಇರುತ್ತದೆ, ನಿಜ. ಆದರೆ ಕಫ ಅಂಟಿ ಅದು ಕೆಲಸ ಮಾಡದೆ ಹೋಗಬಹುದು. ತನ್ನ ಕೈಯಿಂದ ಮಾಸ್ಕ್ ತೆಗೆಯಲಾಗದ ಹುಡುಗನನ್ನು, ಮೋಟಾರ್ ನ್ಯೂರಾನ್ ರೋಗಿಯನ್ನು ಅಂಥ ಮಾಸ್ಕ್ ಹಾಕಿ ಒಂಟಿಯಾಗಿ ಬಿಡಲೇಬಾರದು. ನಾನು ಇದನ್ನು ಬಾಯಲ್ಲಿ ಹೇಳಿ ಬಿಡುವುದಿಲ್ಲ. ಲೈಟ್ ಆರಿಸಿ, ಮೇನ್ ತೆಗೆದು, ಕತ್ತಲಲ್ಲಿ ಮಾಡಿಸುತ್ತೇನೆ. ಟಾರ್ಚ್ ಎಲ್ಲಿದೆ ಅಂತ ಹುಡುಕಾಟ ಶುರುವಾಗುತ್ತದೆ. ಆಗ ಟಾರ್ಚಿಗೆ ಮಂಚದ ಕಾಲಿನ ಹತ್ತಿರ ಒಂದು ಮೊಳೆ ಹೊಡೆಯುತ್ತಾರೆ.

ಗಂಟಲಲ್ಲಿ ತೂತು ಮಾಡಿ ಟ್ಯೂಬ್ ಹಾಕಿ, ಹಗಲು ರಾತ್ರಿ ವೆಂಟಿಲೇಟರಿನ ಮೇಲಿರುವವರ ಮನೆಯ ಲೆಕ್ಕವೇ ಬೇರೆ. ಅವರಿಗೆ ಸಾಮಾನ್ಯ ಬೈಪ್ಯಾಪ್ ಸಾಲದು. ಒಳಗೇ ಬ್ಯಾಟರಿ ಇರುವ ವೆಂಟಿಲೇಟರ್ ಬೇಕು, ಇನ್ನೊಂದು ಮೆಷಿನ್ ಪಕ್ಕದಲ್ಲಿ ಸಿದ್ಧ ಇರಬೇಕು, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಕೈಗೆ ಸಿಗುವಲ್ಲಿ ತೂಗುಹಾಕಿರಬೇಕು. ಅದೇ ಅಳತೆಯ ಒಂದು ಟ್ಯೂಬ್, ಒಂದು ಸೈಜ್ ಚಿಕ್ಕದು ಇನ್ನೊಂದು, ಯಾವಾಗಲೂ ಮನೆಯಲ್ಲಿ ಇರಬೇಕು. ಕಫ ಎಳೆಯುವಾಗ ಒಂದು ಸಲಕ್ಕೆ 10-15 ಸೆಕೆಂಡು ದಾಟಬಾರದು. ಅಂಬು ಬ್ಯಾಗ್ ಒತ್ತುವುದನ್ನು ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಕಲಿಸದೆ ನಾನು ಎದ್ದು ಬರುವುದಿಲ್ಲ. ಕೈ ನಡುಗುತ್ತದೆ, ‘ನನ್ನಿಂದ ಆಗಲ್ಲ ಸಾ’ ಅನ್ನುತ್ತಾರೆ. ಆಗ 1952ರ ಕೋಪನ್‌ಹೇಗನ್ ಕಥೆ ಹೇಳುತ್ತೇನೆ. ಪೋಲಿಯೊ ಹಬ್ಬಿ ಉಸಿರು ನಿಲ್ಲುತ್ತಿದ್ದ ಮಕ್ಕಳು, ದೊಡ್ಡವರು ಆಸ್ಪತ್ರೆ ತುಂಬಿದ್ದರು, ಮೆಷಿನ್‌ಗಳು ಬೆರಳೆಣಿಕೆಯಷ್ಟು. ಬ್ಯೋರ್ನ್ ಇಬ್ಸೆನ್ ಅನ್ನುವ ಅರಿವಳಿಕೆ ಡಾಕ್ಟರ್ ಗಂಟಲಿಗೆ ಟ್ಯೂಬ್ ಹಾಕಿ ಕೈಯಿಂದ ಬ್ಯಾಗ್ ಒತ್ತಿಸುವ ದಾರಿ ತೋರಿಸಿದರು. ನೂರಾರು ವಿದ್ಯಾರ್ಥಿಗಳು ಪಾಳಿ ಹಚ್ಚಿಕೊಂಡು ವಾರಗಟ್ಟಲೆ ಒತ್ತಿದರು. ಅವರೂ ಕಲಿತದ್ದು ಅಲ್ಲೇ, ಆಗಲೇ. ಈ ಕಥೆ ಕೇಳಿದ ಮೇಲೆ ಬ್ಯಾಗ್ ಹಿಡಿಯುವ ಕೈ ಸ್ವಲ್ಪ ಗಟ್ಟಿಯಾಗುವುದನ್ನು ನೋಡಿದ್ದೇನೆ.

ಕೆಮ್ಮಿನ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಬೈಪ್ಯಾಪ್ ಗಾಳಿ ಒಳಗೆ ಹಾಕುತ್ತದೆ, ಕಫ ಹೊರಗೆ ತೆಗೆಯುವುದಿಲ್ಲ. ಮಾಂಸಖಂಡ ಸೋತ ಹುಡುಗರನ್ನು ಒಂದು ಸಾಮಾನ್ಯ ನೆಗಡಿ ಆಸ್ಪತ್ರೆಗೆ ಕಳಿಸುವುದು ಇದೇ ಕಾರಣಕ್ಕೆ. ಕೆಮ್ಮಿನ ರಭಸವನ್ನು ಪುಟ್ಟ ಪೀಕ್ ಫ್ಲೋ ಮೀಟರಿನಿಂದಲೇ ಅಳೆಯಬಹುದು. ದೊಡ್ಡವರಲ್ಲಿ ನಿಮಿಷಕ್ಕೆ 270 ಲೀಟರಿಗಿಂತ ಕಡಿಮೆಯಾದರೆ ನೆಗಡಿ ಬಂದಾಗ ಕಷ್ಟ, 160ಕ್ಕಿಂತ ಇಳಿದರೆ ಕಫ ಹೊರಗೆ ಬರುವುದೇ ಇಲ್ಲ. ಕೆಮ್ಮಿಸುವ ಮೆಷಿನ್ ಇದೆ, ಬೆಲೆ ಮಾತ್ರ ಲಕ್ಷಗಳಲ್ಲಿ. ಅಂಬು ಬ್ಯಾಗಿನಿಂದ ಉಸಿರಿನ ಮೇಲೆ ಉಸಿರು ಎರಡು ಮೂರು ಸಲ ತುಂಬಿಸಿ, ಹಿಡಿದಿಡಲು ಹೇಳಿ, ಹೊಟ್ಟೆಯ ಮೇಲೆ ಒತ್ತಿ ಕೆಮ್ಮಿಸುವುದನ್ನು ಡಾಕ್ಟರು ಒಪ್ಪಿದರೆ ಮನೆಯವರಿಗೇ ಕಲಿಸಬಹುದು. ನೆಗಡಿ ಬಂದ ಮೇಲೆ ಕಲಿಸಲು ಹೋದರೆ ಹೊತ್ತು ಮೀರಿರುತ್ತದೆ. ಚೆನ್ನಾಗಿರುವಾಗಲೇ ದಿನಾ ಮಾಡಿಸಬೇಕು.

ಕ್ಲೀನಿಂಗಿಗೆ ಜಾಸ್ತಿ ಹೇಳುವುದಿಲ್ಲ. ಮಾಸ್ಕನ್ನು ದಿನಾ ಮೆದು ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಡೆಟಾಲ್ ಬೇಡ. ನೀರಿನ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ದಿನಾ ಬದಲಾಯಿಸಿ. ಹಿಂದಿನ ಫಿಲ್ಟರ್ ತೆಗೆದು ನೋಡಿ, ಕಪ್ಪಾಗಿದ್ದರೆ ಮೆಷಿನ್ ಒಲೆಯ ಹೊಗೆ ಬರುವ ಕಡೆ ಇದೆ ಅಂತ ಲೆಕ್ಕ. ಕೆಲವು ಮನೆಗಳಲ್ಲಿ ಇರುವೆ ಒಳಗೆ ಸೇರಿಕೊಳ್ಳುತ್ತದೆ, ನೆಲದ ಮೇಲೆ ಇಡಬೇಡಿ.

ಇನ್ನೊಂದು ಮಾತು ಆಡುವುದು ಕಷ್ಟ. ಆದರೂ ಆಡಲೇಬೇಕು. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಮಾಸ್ಕ್ ಮೆಷಿನ್ ಒಂದು ದಿನ ಸಾಲದೆ ಹೋಗುತ್ತದೆ. ಆಗ ಗಂಟಲಿಗೆ ಟ್ಯೂಬ್ ಹಾಕಬೇಕಾ, ಬೇಡವಾ? ಇದನ್ನು ರೋಗಿ ಮಾತಾಡಬಲ್ಲ ಸ್ಥಿತಿಯಲ್ಲಿ ಇರುವಾಗಲೇ ಡಾಕ್ಟರ ಮುಂದೆ ಕೂತು ತೀರ್ಮಾನ ಮಾಡಬೇಕು. ಇಲ್ಲದಿದ್ದರೆ ಮಧ್ಯರಾತ್ರಿ ಆಂಬ್ಯುಲೆನ್ಸಿನಲ್ಲಿ, ಯಾವ ಮಗ ಹತ್ತಿರ ಇದ್ದಾನೋ ಅವನು ತೀರ್ಮಾನ ಮಾಡುತ್ತಾನೆ. ಆಮೇಲೆ ಅಣ್ಣತಮ್ಮಂದಿರಲ್ಲಿ ಜಗಳ. ತನಗೆ ಇಂಥ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದೆ, 2023ರಲ್ಲಿ ಅದರ ವಿಧಾನವನ್ನು ಸುಲಭ ಮಾಡಿದೆ. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಬರೆದಿಡಿ ಅಂತಲೂ ನಾನು ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ, ಅದು ನನ್ನ ಕೆಲಸ ಅಲ್ಲ. ‘ಡಾಕ್ಟರ ಹತ್ತಿರ ಇದನ್ನ ಒಂದ್ಸಲ ಮಾತಾಡಿ’ ಅನ್ನುವುದು ನನ್ನ ಕೆಲಸ. ಹೆಚ್ಚಿನ ಸಲ ಆ ಮಾತಿಗೆ ಮನೆಯವರು ಸುಮ್ಮನಾಗುತ್ತಾರೆ, ರೋಗಿಯೇ ‘ಹೌದು, ಮಾತಾಡ್ಬೇಕು’ ಅಂತ ತಲೆಯಾಡಿಸುತ್ತಾರೆ.

ಕೊನೆಗೆ ದುಡ್ಡು ಮತ್ತು ಕಾಗದ. ಬಾಡಿಗೆಗೆ ತಗೊಂಡರೆ, ಮೆಷಿನ್ ಕೆಟ್ಟರೆ ಎಷ್ಟು ಗಂಟೆಯೊಳಗೆ ಬದಲಿ ಕೊಡುತ್ತೀರಿ ಅಂತ ಬರೆಸಿಕೊಳ್ಳಿ. ‘ನಾಳೆ ನೋಡ್ತೀವಿ’ ಅನ್ನುವುದು ಫ್ರಿಜ್ಜಿಗೆ ಆಗುತ್ತದೆ, ಇದಕ್ಕಲ್ಲ. ಕೊಂಡರೆ ಬಿಲ್ಲಿನಲ್ಲಿ ಮಾಡೆಲ್ ಜೊತೆ ಸೀರಿಯಲ್ ನಂಬರ್ ಇರಲೇಬೇಕು. 2021ರ ಜೂನ್‌ನಲ್ಲಿ ಒಂದು ದೊಡ್ಡ ಕಂಪನಿ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಮೆಷಿನ್ ವಾಪಸ್ ಕರೆಸಿತು, ಸದ್ದು ತಗ್ಗಿಸಲು ಒಳಗೆ ಹಾಕಿದ್ದ ಫೋಮ್ ಪುಡಿಯಾಗಿ ಗಾಳಿಯ ದಾರಿಗೆ ಬರಬಹುದು ಅಂತ. ತಮ್ಮ ಮೆಷಿನ್ ಆ ಪಟ್ಟಿಯಲ್ಲಿ ಇದೆಯಾ ಅಂತ ನೋಡಲು ಸೀರಿಯಲ್ ನಂಬರೇ ಬೇಕಿತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಅದನ್ನೇ ಕೇಳಿ. ಮೆಷಿನ್ನಿನ ಅಡಿ ತಿರುಗಿಸಿ ಸ್ಟಿಕ್ಕರಿನ ಒಂದು ಫೋಟೋ ತೆಗೆದು ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳಿಸಿಕೊಂಡರೂ ಆಯಿತು. ಸ್ಟಿಕ್ಕರ್ ಕಿತ್ತಿರುವ ಮೆಷಿನ್ ಎಷ್ಟೇ ಕಡಿಮೆಗೆ ಸಿಕ್ಕರೂ ಬೇಡ.